ಬೆರಕೆಯವರು ಯಾರು?

ಸಿಗಂದೂರಿಗೆ ಸೇತುವೆ ಆದದ್ದು 2025ರ ಜುಲೈಯಲ್ಲಿ. ಅದಕ್ಕೂ ಕೆಲವು ವರ್ಷ ಮುಂಚೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದಾಗ ಹಿರಿಯರೊಬ್ಬರು ಮಾತಿಗಿಳಿದರು. "ಯಾವೂರಾಯ್ತು ಸಾಬ್ರೇ?" "ಸಾಗರ." "ಅದಲ್ಲ, ನಿಮ್ಮವರ ಮೂಲ ಎಲ್ಲಿ?" ನನ್ನಜ್ಜ, ಅವರಜ್ಜ ಎಲ್ಲರೂ ಇದೇ ಸೀಮೆಯಲ್ಲಿ ಮಣ್ಣಾದವರು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ತಿರುಗಿ ಕೇಳಿದೆ. ಅವರ ಮೂಲದ ಊರು ನಮ್ಮೆದುರಿನ ನೀರಿನಡಿಯಲ್ಲೇ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಅದನ್ನು ಮುಳುಗಿಸಿತ್ತು. ಊರು ಕಳೆದುಕೊಂಡ ಮನುಷ್ಯನಿಗೂ ಇನ್ನೊಬ್ಬನ ಮೂಲ ಕೆದಕುವ ಚಪಲ! ನಾನು ಅವರೊಂದಿಗೆ ಲಾಂಚು ದಡ ಮುಟ್ಟುವವರೆಗೂ ವಾದ ಮಾಡಿದೆ.

ಆದರೆ ಅವರನ್ನಷ್ಟೇ ದೂರಿ ಕೈತೊಳೆದುಕೊಳ್ಳುವ ಹಾಗಿಲ್ಲ. ಅದೇ ವಾರ ನಮ್ಮ ಮನೆಯಲ್ಲಿ ಹುಡುಗಿಯೊಬ್ಬಳ ಸಂಬಂಧದ ಮಾತು ನಡೆದಿತ್ತು. ಹುಡುಗ ಓದಿದವನು, ನೌಕರಿಯಿದೆ, ನಮಾಜಿ. ಖಾಲಾ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು: "ಹಡ್ಡಿ ಸರಿಯಿಲ್ಲ." ಅವನ ಅಜ್ಜಿ ಬೇರೆ ಕುಲದಿಂದ ಬಂದವಳಂತೆ. ದಡದಲ್ಲಿ ಅಷ್ಟು ವಾದ ಮಾಡಿದ್ದ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ.

ಇವರು ಶುದ್ಧ, ಇವರು ಬೆರಕೆ ಎಂದು ತೂಗುವ ಈ ತಕ್ಕಡಿ ಯಾರದ್ದು? ನಮ್ಮ ಪಕ್ಕದ ಹೊಸನಗರ ತಾಲೂಕಿನ ನಗರ ಕೋಟೆಗೆ ಹೋಗಿ ನಿಂತರೆ ಸ್ವಲ್ಪ ಉತ್ತರ ಸಿಗುತ್ತದೆ. ಕೆಳದಿ ಅರಸರ ಬಿದನೂರನ್ನು 1763ರಲ್ಲಿ ಹೈದರ್ ಅಲಿ ಗೆದ್ದು ಹೈದರನಗರ ಎಂದು ಕರೆದ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಅದನ್ನು ವಶಪಡಿಸಿಕೊಂಡ. ಏಪ್ರಿಲ್ ಹೊತ್ತಿಗೆ ಟಿಪ್ಪು ಮರಳಿ ಗೆದ್ದ. ಕೋಟೆಯನ್ನು ಇಂಗ್ಲಿಷರಿಗೆ ಒಪ್ಪಿಸಿದ ಅಯಾಜ್ ಯಾರು? ಮಲಬಾರಿನ ನಾಯರ್ ಮನೆತನದಲ್ಲಿ ಹುಟ್ಟಿ, ಬಾಲಕನಾಗಿದ್ದಾಗ ಸೆರೆಯಾಗಿ, ಹೈದರನ ಸಾಕುಮಗನಂತೆ ಬೆಳೆದವನು. ಮೂಲ ಕೇಳುವವರು ಅವನನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತಾರೆ?

ಸೋತ ಇಂಗ್ಲಿಷ್ ಸೈನಿಕರು ಸೆರೆಯಾಳುಗಳಾಗಿ ಘಟ್ಟದ ಮೇಲಿನ ಕೋಟೆಗಳಿಗೆ ನಡೆದರು. ಮೈಸೂರಿನ ಸೆರೆಯಲ್ಲಿ ಅದಾಗಲೇ ಬೇರೆ ಇಂಗ್ಲಿಷರೂ ಇದ್ದರು. ಅವರಲ್ಲಿ ಜೇಮ್ಸ್ ಸ್ಕರಿ ಒಬ್ಬ. ಹಡಗಿನಲ್ಲಿದ್ದ ಹುಡುಗ, 1782ರಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಅವರಿಂದ ಹೈದರನ ಕೈಗೆ ಬಂದ. ಶ್ರೀರಂಗಪಟ್ಟಣದಲ್ಲಿ ಅವನಿಗೂ ಅವನಂಥ ಹುಡುಗರಿಗೂ ಬಲವಂತವಾಗಿ ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ಚೇಲಾ ಪಡೆಗೆ ಸೇರಿಸಿದರು. ಕರ್ನಾಟಿಕ್ ಸೀಮೆಯಿಂದ ಹಿಡಿದು ತಂದ ಹೆಣ್ಣುಮಕ್ಕಳನ್ನು ಅವರಿಗೆ ಮದುವೆ ಮಾಡಿಕೊಟ್ಟರು. ಸೆರೆಯಾಳಿಗೆ ಸೆರೆಯಾಳೇ ಜೋಡಿ. 1784ರ ಮಂಗಳೂರು ಒಪ್ಪಂದದಲ್ಲಿ ಕೈದಿಗಳನ್ನೆಲ್ಲ ಬಿಡಬೇಕೆಂದಿತ್ತು, ಇವರನ್ನು ಬಿಡಲಿಲ್ಲ. ಸುಮಾರು ಹತ್ತು ವರ್ಷದ ಮೇಲೆ ಸ್ಕರಿ ತಪ್ಪಿಸಿಕೊಂಡ. ಹೆಂಡತಿ ಮಕ್ಕಳು ಇಲ್ಲೇ ಉಳಿದರು. ಅಷ್ಟು ಹೊತ್ತಿಗೆ ಅವನಿಗೆ ತಾಯಿನುಡಿಯೇ ತೊದಲುತ್ತಿತ್ತು, ಚಾಕು ಫೋರ್ಕು ಹಿಡಿಯಲು ಬರುತ್ತಿರಲಿಲ್ಲ. ಅವನ ಆತ್ಮಕಥೆ 1824ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಟಿಪ್ಪು ಎಂದೊಡನೆ ನಮ್ಮಲ್ಲಿ ಎರಡು ಪಂಗಡ ಏಳುತ್ತವೆ. ಒಂದು ಪಂಗಡ ಸ್ಕರಿಯ ಕಥೆಯನ್ನು ಕಲ್ಲಿನಂತೆ ಎತ್ತಿ ಒಗೆಯುತ್ತದೆ. ಇನ್ನೊಂದು ಅದನ್ನು ಇಂಗ್ಲಿಷರ ಅಪಪ್ರಚಾರವೆಂದು ತಳ್ಳಿಹಾಕುತ್ತದೆ. ನಾನು ಎರಡನೆಯವರ ನಡುವೆ ಬೆಳೆದವನು, ಆದ್ದರಿಂದ ಮೊದಲು ನಮ್ಮವರಿಗೇ ಹೇಳುತ್ತೇನೆ: ಬಲವಂತದ ಸುನ್ನತಿ ತಪ್ಪು, ಹೆಣ್ಣುಮಕ್ಕಳನ್ನು ಹಂಚಿದ್ದು ತಪ್ಪು. ಧರ್ಮದಲ್ಲಿ ಬಲವಂತವಿಲ್ಲ ಎಂದು ನಂಬುವವರು ಇದನ್ನು ಹೇಳಲು ಅಳುಕಬಾರದು. ಇಂಗ್ಲಿಷರೊಡನೆ ಕಾದಾಡಿ ಸತ್ತ ದೊರೆಯ ಹಿರಿಮೆ ಇದರಿಂದ ಕುಸಿದುಬೀಳುವುದಾದರೆ ಅದು ಹಿರಿಮೆಯೇ ಅಲ್ಲ. ಮೊದಲನೆಯವರಿಗೂ ಒಂದು ಪ್ರಶ್ನೆ: ಸ್ಕರಿಗಾಗಿ ಇಷ್ಟು ಕಣ್ಣೀರು ಸುರಿಸುವ ನೀವು ಅವನ ಹೆಂಡತಿಯ ಗತಿ ಏನಾಯಿತೆಂದು ಒಮ್ಮೆಯಾದರೂ ಕೇಳಿದ್ದೀರಾ? ತಂದೆಯಿಲ್ಲದ, ಬಣ್ಣ ಬೇರೆಯಾದ ಆ ಮಕ್ಕಳು ಮುತ್ತಿಗೆ ಬಿದ್ದ ಪಟ್ಟಣದಲ್ಲಿ ಹೇಗೆ ಬದುಕಿರಬಹುದು? ಅವರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆರಕೆಯವರಲ್ಲವೇ!

ಆ ಮಕ್ಕಳು ತಂದೆಯ ಪಾಳೆಯಕ್ಕೆ ಹೋಗಿದ್ದರೂ ಮರ್ಯಾದೆ ಸಿಗುತ್ತಿರಲಿಲ್ಲ. ಇಂಗ್ಲಿಷರ ಸೇನೆ ಬೆಂಗಳೂರು ಕೋಟೆಯನ್ನು ಗೆದ್ದ 1791ರಲ್ಲಿಯೇ ಈಸ್ಟ್ ಇಂಡಿಯಾ ಕಂಪನಿ ಒಂದು ಆಜ್ಞೆ ಹೊರಡಿಸಿತು. ಭಾರತೀಯ ತಾಯಿಗೆ ಹುಟ್ಟಿದವರಿಗೆ ಕಂಪನಿಯ ಆಡಳಿತದಲ್ಲಾಗಲಿ, ಸೈನ್ಯದ ಅಧಿಕಾರದಲ್ಲಾಗಲಿ, ಹಡಗಿನಲ್ಲಾಗಲಿ ಜಾಗವಿಲ್ಲ. 1795ರಲ್ಲಿ ಅದು ಇನ್ನೂ ಬಿಗಿಯಾಯಿತು: ತಂದೆ ತಾಯಿ ಇಬ್ಬರೂ ಯುರೋಪಿಯನ್ನರಲ್ಲದಿದ್ದರೆ ಸೈನ್ಯದಲ್ಲಿ ತಮ್ಮಟೆ ಬಾರಿಸಬಹುದು, ಕೊಳಲೂದಬಹುದು, ಕುದುರೆಗೆ ಲಾಳ ಹೊಡೆಯಬಹುದು, ಅಷ್ಟೇ. ಈ ದೇಶದ ಹೆಣ್ಣುಮಕ್ಕಳೊಡನೆ ಸಂಸಾರ ಹೂಡುವಾಗ ಇಲ್ಲದ ಮಡಿ, ಅವರ ಮಕ್ಕಳಿಗೆ ಅಧಿಕಾರ ಕೊಡಬೇಕಾದಾಗ ನೆನಪಾಯಿತು.

ತಕ್ಕಡಿ ಯಾರದ್ದೆಂದು ಕೇಳಿದೆನಲ್ಲ, ಅದು ಅಧಿಕಾರದ್ದು. ಪಾಲು ಕೊಡಲು ಮನಸ್ಸಿಲ್ಲದವನು ಮೂಲ ಕೇಳುತ್ತಾನೆ. ಹೊಲದ ಪಾಲು, ನೌಕರಿಯ ಪಾಲು, ಬಾಡಿಗೆ ಮನೆ, ಕೊನೆಗೆ ಪಂಕ್ತಿಯ ಎಲೆ, ಎಲ್ಲದಕ್ಕೂ ಇದೇ ನೆಪ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳನ್ನು ನೋಡಿ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003ರ ತನಕ ಕಾಯಬೇಕಾಯಿತು. ಕನ್ನಡ, ಕೊಂಕಣಿ ಆಡುವ ಸಿದ್ದಿ ಹುಡುಗನನ್ನು ಬಸ್ಸಿನಲ್ಲಿ ಇಂದಿಗೂ ಯಾವ ದೇಶದವನು ಎಂದು ಕೇಳುವವರಿದ್ದಾರೆ.

ಇನ್ನು ನಮ್ಮ ಖಾಲಾಗಳ ವಿಷಯ. ಅರಬನಿಗೆ ಅರಬನಲ್ಲದವನಿಗಿಂತ ಹೆಚ್ಚುಗಾರಿಕೆಯಿಲ್ಲ, ಬಿಳಿಯನಿಗೆ ಕರಿಯನಿಗಿಂತ ಹೆಚ್ಚುಗಾರಿಕೆಯಿಲ್ಲ ಎಂಬ ಪ್ರವಾದಿಗಳ ಬೋಧನೆಯನ್ನು ಮಿಂಬರಿನಿಂದ ಕೇಳಿ ತಲೆದೂಗುತ್ತೇವೆ. ಬಿಲಾಲರ ಹೆಸರು ಬಂದರೆ ಕಣ್ಣು ತುಂಬುತ್ತದೆ. ಮನೆಗೆ ಬಂದು ಸಂಬಂಧ ಹುಡುಕುವಾಗ ಮಾತ್ರ ಸೈಯದರೋ, ಶೇಖರೋ, ಪಿಂಜಾರರೋ, ಹಡ್ಡಿ ಎಂಥದೋ! ನಮ್ಮನ್ನು "ಹೊರಗಿನವರು" ಅನ್ನುವವರ ಮೇಲೆ ಸಿಟ್ಟಾಗುವ ನಾವೇ ಅರಬಸ್ತಾನದ ವಂಶಾವಳಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಈ ಮಣ್ಣಿನ ಅಜ್ಜಿಯರನ್ನು ಮರೆಮಾಚಿ ದೂರದ ಅಜ್ಜನನ್ನು ಮೆರೆಸಿದರೆ, ಮೂಲ ಕೇಳುವವನ ಕೈಗೆ ನಾವೇ ದೊಣ್ಣೆ ಕೊಟ್ಟಂತೆ.

ಆ ಹುಡುಗಿಯ ಮದುವೆ "ಒಳ್ಳೆಯ ಹಡ್ಡಿ"ಯ ಬೇರೊಂದು ಮನೆಗೆ ಆಯಿತು. ದಾವತ್ತಿಗೆ ಹೋಗಿ ಬಿರಿಯಾನಿ ಉಂಡು ಬಂದೆ. ಆ ಹುಡುಗ ಒಮ್ಮೆ ಸಾಗರದ ಬಸ್ ನಿಲ್ದಾಣದಲ್ಲಿ ಸಿಕ್ಕಿ ಸಲಾಂ ಹೇಳಿದ. ನನಗೆ ಅವನ ಮುಖ ನೋಡಲಾಗಲಿಲ್ಲ. ಹೊಳೆಬಾಗಿಲಿನ ಹಿರಿಯರ ಜೊತೆ ವಾದ ಮಾಡಲು ನನಗಿದ್ದ ಹಕ್ಕು ಖಾಲಾರ ಎದುರು ಸುಮ್ಮನೆ ಕೂತ ದಿನವೇ ಅರ್ಧ ಕಳೆದುಹೋಗಿತ್ತು. ನಮ್ಮ ಮನೆಯಲ್ಲಿ ಈಗ ಇನ್ನೊಬ್ಬ ಹುಡುಗಿಗೆ ಸಂಬಂಧ ನೋಡುತ್ತಿದ್ದಾರೆ. ಈ ಸಲ ಯಾರಾದರೂ ಹಡ್ಡಿಯ ಮಾತು ಎತ್ತಿದರೆ, ಎಷ್ಟೇ ಹಿರಿಯರಾಗಿರಲಿ, ಅಲ್ಲಿಯೇ ಎದ್ದು ನಿಂತು ಮಾತಾಡುತ್ತೇನೆ. ನೀವೂ ನಿಮ್ಮ ನಿಮ್ಮ ಮನೆಯಲ್ಲಿ ಮಾತಾಡಿ.