ಬೇಲಿಯೇ ಎದ್ದು ಹೊಲ ಮೇಯ್ದಾಗ

ಯಳಂದೂರು ತಾಲ್ಲೂಕಿನ ಹೊನ್ನೂರಿನಿಂದ ಈ ಅಂಕಣದ ಓದುಗರಾದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಸೊಸೆಗೆ ಇಪ್ಪತ್ತೇಳು ವರ್ಷ. ಎರಡನೆಯ ಹೆರಿಗೆಯಾಗಿ ಮೂರು ತಿಂಗಳು ಕಳೆದ ಮೇಲೆ ಎರಡೂ ಕೈಗಳ ಬೆರಳಿನ ಗೆಣ್ಣುಗಳು ಊದಿಕೊಳ್ಳತೊಡಗಿದವು. ಮುಂಜಾನೆ ಎದ್ದ ಮೇಲೆ ಒಂದೆರಡು ಗಂಟೆಗಳವರೆಗೆ ಬೆರಳು ಮಡಿಸಲೂ ಬಾರದು, ಬಿಡಿಸಲೂ ಬಾರದು. ಪೂಜೆಯ ವೇಳೆಗೆ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ನೆಮ್ಮದಿಯಾಗಿ ಹಿಡಿಯಲಾಗದೆ ಆಕೆ ಕಣ್ಣೀರಿಡುತ್ತಾಳೆ. ಮೊದಲು ಬಾಣಂತನದ ನಂಜೆಂದರು, ಬಳಿಕ ವಾಯುವೆಂದರು. ಎರಡು ವರ್ಷ ಎಣ್ಣೆ ತಿಕ್ಕಿ, ಪಥ್ಯ ಮಾಡಿ, ಮಾದಪ್ಪನಿಗೆ ಹರಕೆ ಹೊತ್ತು, ಕೊನೆಗೆ ಮೈಸೂರಿಗೆ ಕರೆದೊಯ್ದಾಗ ಅದು ರುಮಟಾಯ್ಡ್ ಸಂಧಿವಾತವೆಂದೂ, ಆಕೆಯ ದೇಹದ ರಕ್ಷಣಾ ಶಕ್ತಿಯೇ ಆಕೆಯ ಕೀಲುಗಳನ್ನು ಹಾಳುಗೆಡವುತ್ತಿದೆಯೆಂದೂ ವೈದ್ಯರು ತಿಳಿಸಿದರಂತೆ. ಒಬ್ಬರ ಮೈ ಅವರಿಗೇ ಹಗೆಯಾಗುವುದು ಹೇಗೆ? ಹಿಂದಿನ ಜನ್ಮದ ಕರ್ಮವೆಂದು ಕೇರಿಯವರು ಆಡಿಕೊಳ್ಳುವುದು ನಿಜವೇ? ಎಂಬುದು ಆ ತಾಯಿಯ ಪ್ರಶ್ನೆ. ಸೊಸೆಯ ಪರವಾಗಿ ಅತ್ತೆ ಇಂತಹ ಪತ್ರ ಬರೆಯುವುದು ಅಪರೂಪ. ಆದುದರಿಂದ ಈ ತಿಂಗಳ ಪುಟವನ್ನು ಅವರಿಗೇ ಮೀಸಲಿಡುತ್ತಿದ್ದೇವೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಈ ರೋಗಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳು ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಗುರುತಿಸಿ ಕೊಲ್ಲುತ್ತವೆ. ಕೆಲವು ಕಣಗಳು ಪ್ರತಿಕಾಯಗಳೆಂಬ ಅಸ್ತ್ರಗಳನ್ನು ಸಿದ್ಧಪಡಿಸುತ್ತವೆ. ಈ ಅಸ್ತ್ರ ತನ್ನವರ ಮೇಲೆಯೇ ತಿರುಗಬಹುದೆಂಬುದನ್ನು ವಿಜ್ಞಾನಿಗಳೇ ಬಹುಕಾಲ ನಂಬಲಿಲ್ಲ. ಜರ್ಮನಿಯ ಪೌಲ್ ಎರ್ಲಿಕ್ 1901ರ ಸುಮಾರಿಗೆ ಆಡುಗಳ ಮೇಲೆ ಪ್ರಯೋಗ ನಡೆಸಿದರು. ಒಂದು ಆಡು ಬೇರೊಂದು ಆಡಿನ ರಕ್ತಕ್ಕೆ ಎದುರಾಗಿ ಪ್ರತಿಕಾಯ ತಯಾರಿಸುತ್ತದೆ, ತನ್ನದೇ ರಕ್ತಕ್ಕೆ ಎದುರಾಗಿ ತಯಾರಿಸುವುದಿಲ್ಲ ಎಂದು ಕಂಡು, ತನಗೆ ತಾನೇ ವಿಷವಾಗಲು ದೇಹ ಹೇಸುತ್ತದೆ ಎಂಬ ಅರ್ಥದ ಹೆಸರನ್ನು ಆ ನಿಯಮಕ್ಕೆ ಇಟ್ಟರು. ದೊಡ್ಡವರ ಮಾತೆಂದರೆ ಹಾಗೆಯೇ, ಅರ್ಧ ಶತಮಾನ ಅದು ಬಹುಮಟ್ಟಿಗೆ ಶಾಸನವಾಗಿ ಉಳಿಯಿತು. ಅಮೆರಿಕದ ಬಫಲೊ ನಗರದಲ್ಲಿ ನೋಯಲ್ ರೋಸ್ ಎಂಬ ತರುಣರು ತಮ್ಮ ಗುರು ವಿಟೆಬ್ಸ್ಕಿಯವರೊಡನೆ ಮೊಲಗಳಿಗೆ ಮೊಲದ ಥೈರಾಯ್ಡ್ ಗ್ರಂಥಿಯ ಸಾರವನ್ನೇ ಚುಚ್ಚಿದಾಗ, ಆ ಮೊಲಗಳು ತಮ್ಮ ಸ್ವಂತ ಗ್ರಂಥಿಯನ್ನೇ ನಾಶಮಾಡಿಕೊಳ್ಳತೊಡಗಿದವು. ಈ ವರದಿ ಬಂದದ್ದು 1956ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಡೆಬೊರಾ ಡೋನಿಯಾಕ್, ಐವಾನ್ ರಾಯಿಟ್ ಮುಂತಾದವರು ಥೈರಾಯ್ಡ್ ರೋಗಿಗಳ ರಕ್ತದಲ್ಲಿ ಅಂತಹುದೇ ಪ್ರತಿಕಾಯಗಳನ್ನು ಕಂಡರು. ಸ್ವನಿರೋಧಕ ರೋಗಗಳ ಅಧ್ಯಯನ ಭದ್ರವಾಗಿ ನೆಲೆಯೂರಿದ್ದು ಆಗಿನಿಂದ.

ಹಾಗಾದರೆ ನಮ್ಮೆಲ್ಲರಿಗೂ ಏಕೆ ಈ ರೋಗ ಬರುವುದಿಲ್ಲ? ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ಬಿಳಿಯ ಕಣಗಳಲ್ಲಿ ಟಿ ಕಣಗಳೆಂಬುವು ಅಲ್ಲಿಯೇ ಪಳಗುತ್ತವೆ. ತನ್ನವರ ಮೇಲೆ ಹಲ್ಲು ಮಸೆಯುವ ಕಣಗಳಲ್ಲಿ ಬಹುಪಾಲು ಅಲ್ಲಿಯೇ ಕೊನೆಗಾಣುತ್ತವೆ. ಆದರೂ ಕೆಲವು ತಪ್ಪಿಸಿಕೊಂಡು ಹೊರಬರುತ್ತವೆ. ಆರೋಗ್ಯವಂತರ ದೇಹದಲ್ಲಿಯೂ ಅವು ಇರುತ್ತವೆ. ಅವುಗಳನ್ನು ತಡೆಹಿಡಿಯುವವರು ಯಾರು? ಇದಕ್ಕೆ ಉತ್ತರ ಕೊಟ್ಟವರು ಜಪಾನಿನ ಶಿಮೊನ್ ಸಕಾಗುಚಿ. ಹುಟ್ಟಿ ಮೂರು ದಿನಗಳಾದ ಇಲಿಮರಿಯ ಥೈಮಸ್ ತೆಗೆದುಹಾಕಿದರೆ ರಕ್ಷಣಾ ಶಕ್ತಿ ಕುಗ್ಗಬೇಕಾಗಿತ್ತು. ಬದಲಾಗಿ ಅದು ಕೆರಳಿ ಇಲಿಯ ಅಂಗಾಂಗಗಳನ್ನೇ ತಿನ್ನತೊಡಗುತ್ತದೆ. ಆರೋಗ್ಯವಂತ ಇಲಿಯ ಟಿ ಕಣಗಳನ್ನು ಅಂತಹ ಇಲಿಗೆ ನೀಡಿದರೆ ರೋಗ ತಡೆಯುತ್ತದೆ. ಅಂದಮೇಲೆ ಟಿ ಕಣಗಳಲ್ಲಿಯೇ ಕಾಳಗಕ್ಕೆ ಹೋಗದೆ ಉಳಿದವರನ್ನು ಸುಮ್ಮನಿರಿಸುವ ಒಂದು ಪಂಗಡ ಇರಲೇಬೇಕೆಂದು ಅವರು ಹಟ ಹಿಡಿದು ಹುಡುಕಿ, 1995ರಲ್ಲಿ ಅದನ್ನು ಗುರುತಿಸಿದರು. ಆ ಕಾಲಕ್ಕೆ ಇಂತಹ ಮಾತನ್ನು ಸಂಶಯದಿಂದ ಕಾಣುವವರೇ ಹೆಚ್ಚಾಗಿದ್ದರು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೊ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಒಂದು ರೋಗಿಷ್ಠ ಇಲಿಯ ತಳಿಯಲ್ಲಿ ಫಾಕ್ಸ್‌ಪಿ3 ಎಂಬ ವಂಶವಾಹಿ ಕೆಟ್ಟಿರುವುದನ್ನು ಕಂಡುಹಿಡಿದರು. ಈ ಶಾಂತಿಪಾಲಕ ಕಣಗಳು ರೂಪುಗೊಳ್ಳುವುದಕ್ಕೆ ಆ ವಂಶವಾಹಿಯೇ ಆಧಾರವೆಂಬುದು ಮುಂದೆ ಸ್ಪಷ್ಟವಾಯಿತು. ಈ ಮೂವರಿಗೂ 2025ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಹೊನ್ನೂರಿನ ತಾಯಿಯ ಮೊದಲ ಪ್ರಶ್ನೆಗೆ ಇದೇ ಉತ್ತರ: ಹಗೆತನದ ಬೀಜ ಎಲ್ಲರ ಮೈಯಲ್ಲಿಯೂ ಇದೆ, ಅದನ್ನು ಹದ್ದಿನಲ್ಲಿಡುವ ಕಾವಲು ಸಡಿಲವಾದಾಗ ರೋಗ ಮೊಳೆಯುತ್ತದೆ.

ಕಾವಲು ಸಡಿಲವಾಗುವುದಕ್ಕೆ ಕಾರಣ ಒಂದೇ ಅಲ್ಲ. ಈ ಸಂಧಿವಾತ ಇನ್ನೂರು ಮಂದಿ ವಯಸ್ಕರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಅನುವಂಶೀಯತೆಯ ಪಾಲಿದೆ, ಆದರೆ ಅದೇ ಸರ್ವಸ್ವವಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಹದಿನೈದರಷ್ಟು ಮಾತ್ರ. ಉಳಿದುದು ಬದುಕಿನ ಹಾದಿಯಲ್ಲಿ ಸೇರಿಕೊಳ್ಳುತ್ತದೆ. ಬೀಡಿ ಸಿಗರೇಟಿನ ಹೊಗೆ ಶ್ವಾಸಕೋಶದ ಸಸಾರಜನಕಗಳ ರೂಪವನ್ನು ತುಸು ಮಾರ್ಪಡಿಸುತ್ತದೆ; ಅನುವಂಶೀಯ ಒಲವುಳ್ಳವರ ದೇಹ ಅದನ್ನು ಪರಕೀಯವೆಂದು ಭಾವಿಸಿ ಪ್ರತಿಕಾಯ ತಯಾರಿಸುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು 2006ರಲ್ಲಿ ಈ ಸಂಬಂಧವನ್ನು ತೋರಿಸಿಕೊಟ್ಟರು. ಕಲ್ಲಿನ ದೂಳೂ ಇಂತಹ ಕೇಡನ್ನು ತರಬಲ್ಲದು. ಚಾಮರಾಜನಗರ ಜಿಲ್ಲೆಯ ಕರಿಕಲ್ಲು ದೇಶಾಂತರಕ್ಕೆ ಹೋಗಿ ಹೆಸರು ಮಾಡಿದೆ. ಕಲ್ಲು ಕೊರೆಯುವವರ ಮೂಗಿಗೆ ಒಂದು ತಕ್ಕ ಮುಸುಕು ಒದಗಿಸುವ ಮಾತನ್ನು ಮಾತ್ರ ಹೆಚ್ಚು ಜನ ಆಡುವುದಿಲ್ಲ. ಇಂತಹ ಪ್ರತಿಕಾಯಗಳು ಕೀಲು ನೋಯುವುದಕ್ಕೆ ಹಲವು ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ರಕ್ತದಾನಿಗಳಿಂದ ಹಿಂದೆಯೇ ಪಡೆದು ಶೇಖರಿಸಿಟ್ಟಿದ್ದ ರಕ್ತವನ್ನು ಪರೀಕ್ಷಿಸಿದಾಗ ಈ ವಿಷಯ ತಿಳಿದುಬಂದಿತು.

ಸೋಂಕೂ ದಾರಿ ತೆರೆಯಬಲ್ಲದು. ಮಕ್ಕಳ ಗಂಟಲಿಗೆ ತಗಲುವ ಒಂದು ಬಗೆಯ ರೋಗಾಣುವಿನ ಮೈಗೂ ನಮ್ಮ ಹೃದಯದ ಅಂಶಗಳಿಗೂ ಹೋಲಿಕೆಯಿದೆ. ಗಂಟಲ ಶತ್ರುವನ್ನು ಹೊಡೆಯಲು ಹೊರಟ ಪ್ರತಿಕಾಯ ಹೃದಯದ ಕವಾಟವನ್ನೂ ಹೊಡೆಯುತ್ತದೆ. ಇದೇ ರುಮ್ಯಾಟಿಕ್ ಜ್ವರ. ಮಗುವಿನ ಗಂಟಲು ನೋವನ್ನು ವೈದ್ಯರಿಗೆ ತೋರಿಸಿ ಸಕಾಲದಲ್ಲಿ ಪೆನಿಸಿಲಿನ್ ಕೊಡಿಸಿದರೆ ಅದನ್ನು ತಡೆಯಬಹುದು. 2006ರ ಚಿಕುನ್‌ಗುನ್ಯ ಯಾರಿಗೆ ನೆನಪಿಲ್ಲ? ಆ ಒಂದೇ ವರ್ಷ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಮಿಕ್ಕಿದ ಜನರಿಗೆ ಆ ಜ್ವರ ತಗಲಿದ ಶಂಕೆಯಿತ್ತು. ಜ್ವರ ವಾರದಲ್ಲಿ ಬಿಟ್ಟರೂ ಅನೇಕರ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಕೆಲವರಲ್ಲಿ ಅದು ಈ ಸಂಧಿವಾತವನ್ನೇ ಹೋಲುತ್ತದೆ. ವೈರಾಣು ಹೋದ ಮೇಲೂ ಕೀಲು ಏಕೆ ಉರಿಯುತ್ತದೆಂಬ ಸಂಶೋಧನೆ ಇಂದಿಗೂ ಸಾಗಿದೆ.

ಇನ್ನು ಹೆಣ್ಣಿಗೇ ಏಕೆ ಹೆಚ್ಚು? ಈ ಸಂಧಿವಾತ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು. ಲೂಪಸ್ ಎಂಬ ಇನ್ನೊಂದು ರೋಗದಲ್ಲಿ ಹತ್ತು ರೋಗಿಗಳಿದ್ದರೆ ಒಂಬತ್ತು ಮಂದಿ ಹೆಂಗಸರು. ಹೆಣ್ಣಿನ ಪ್ರತಿ ಜೀವಕೋಶದಲ್ಲಿಯೂ ಎಕ್ಸ್ ವರ್ಣತಂತುಗಳು ಎರಡು. ಅವುಗಳಲ್ಲಿ ಒಂದನ್ನು ದೇಹ ಮೌನಗೊಳಿಸಬೇಕು. ಅದಕ್ಕಾಗಿ ಬಳಸುವ ಒಂದು ಅಣು ಹಾಗೂ ಅದಕ್ಕೆ ಅಂಟಿಕೊಂಡ ಸಸಾರಜನಕಗಳೇ ರಕ್ಷಣಾ ಶಕ್ತಿಯನ್ನು ಕೆರಳಿಸಬಲ್ಲವೆಂದು 2024ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೋವರ್ಡ್ ಚಾಂಗ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದರು. ಅಂದರೆ ಹೆಣ್ಣಾಗಿರುವುದೇ ಒಂದು ಕಾರಣ. ಅದು ಯಾರ ತಪ್ಪೂ ಅಲ್ಲ. ಹೆರಿಗೆಯ ನಂತರ ರೋಗ ತಲೆದೋರಿದುದೂ ಆಕಸ್ಮಿಕವಲ್ಲ. ಹೊಟ್ಟೆಯಲ್ಲಿರುವ ಶಿಶು ಅರ್ಧ ಪರಕೀಯ. ಅದನ್ನು ಸಹಿಸಿಕೊಳ್ಳಲು ತಾಯಿಯ ರಕ್ಷಣಾ ಶಕ್ತಿ ತನ್ನ ನಡೆಯನ್ನೇ ಬದಲಿಸಿಕೊಳ್ಳುತ್ತದೆ. ಬಸುರಿಯರಲ್ಲಿ ಕೀಲುನೋವು ತಗ್ಗುವುದನ್ನು ಫಿಲಿಪ್ ಹೆಂಚ್ ಎಂಬ ವೈದ್ಯರು 1938ರಲ್ಲಿಯೇ ಬರೆದಿಟ್ಟಿದ್ದರು. ಆ ಜಾಡನ್ನೇ ಹಿಡಿದು ಅವರು ಕಾರ್ಟಿಸೋನ್ ಚಿಕಿತ್ಸೆಯನ್ನು ಮುಟ್ಟಿ 1950ರಲ್ಲಿ ನೊಬೆಲ್ ಪಡೆದರು. ಹೆರಿಗೆಯಾದ ಬಳಿಕ ಆ ಸಂಯಮ ಕಳಚುತ್ತದೆ, ಕಾದಿದ್ದ ರೋಗ ಹೊರಬೀಳುತ್ತದೆ. ಬಾಣಂತನದ ನಂಜೆಂದ ಹಿರಿಯರು ಹೊತ್ತನ್ನು ಸರಿಯಾಗಿಯೇ ಗುರುತಿಸಿದ್ದರು, ಕಾರಣವನ್ನಲ್ಲ.

ಗ್ರಹಗತಿ, ಮುಹೂರ್ತಗಳ ಭಯವನ್ನು ಶರಣರು ಎಂಟು ಶತಮಾನಗಳ ಹಿಂದೆಯೇ ಬಿಡಿಸಿದ್ದರೂ ನಮ್ಮ ಮನೆಗಳಲ್ಲಿ ಅದು ಕಾಯಿಲೆಯ ಹೆಸರಿನಲ್ಲಿ ಹಿತ್ತಿಲ ಬಾಗಿಲಿನಿಂದ ಒಳಬರುತ್ತದೆ. ಹರಕೆ ಹೊತ್ತಿದ್ದರೆ ತೀರಿಸಿರಿ, ಬೇಡವೆನ್ನುವವರಾರು? ಕರ್ಮದ ಮಾತು ಮಾತ್ರ ಬೇಡ. ಆ ಮಾತಿನಿಂದ ಆಗುವ ದೊಡ್ಡ ನಷ್ಟವೆಂದರೆ ಕಾಲಹರಣ. ಮೊದಲ ತಿಂಗಳುಗಳಲ್ಲಿಯೇ ಚಿಕಿತ್ಸೆ ಆರಂಭವಾದರೆ ಕೀಲು ಉಳಿಯುತ್ತದೆ; ಒಮ್ಮೆ ಸವೆದು ಸೊಟ್ಟಗಾದ ಬೆರಳನ್ನು ಔಷಧಿ ನೆಟ್ಟಗೆ ಮಾಡದು. ಮುಂಜಾನೆಯ ಬಿಗಿತ ಅರ್ಧ ಗಂಟೆಗೂ ಮೀರಿ, ಎರಡೂ ಕೈಗಳ ಸಣ್ಣ ಕೀಲುಗಳು ಆರು ವಾರ ಊದಿಯೇ ಇದ್ದರೆ ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಮೈಸೂರಿನ ಕೆ.ಆರ್. ಅಥವಾ ಜೆ.ಎಸ್.ಎಸ್. ಆಸ್ಪತ್ರೆಗೋ ಹೋಗಿ ತೋರಿಸಬೇಕು. ಸಂತೆಯಲ್ಲಿ ಮಾರುವ ನೋವಿನ ಪುಡಿಗಳನ್ನು ನಂಬಬಾರದು. ಕೆಲವದರಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಎರಡೇ ದಿನಗಳಲ್ಲಿ ನೋವು ಮಾಯವಾಗುವ ಗುಟ್ಟು ಅದೇ.

ಆ ತಾಯಿ ಪತ್ರದ ಕೊನೆಯಲ್ಲಿ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಹೆದರಿಕೆಯಿಂದ ನಿಲ್ಲಿಸಿರುವುದಾಗಿ ತಿಳಿಸಿದ್ದಾರೆ. ವೈದ್ಯರನ್ನು ಕಂಡು ಮತ್ತೆ ಆರಂಭಿಸಲಿ. ಈ ಮಾತ್ರೆ ವಾರಕ್ಕೆ ಒಂದೇ ದಿನ. ನಿತ್ಯದ ಮಾತ್ರೆಯೆಂದು ತಿಳಿದು ಪ್ರತಿದಿನ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಬಸುರಿಯರು, ಹಾಲೂಡಿಸುವವರು ಇದನ್ನು ಸೇವಿಸಕೂಡದು. ಇನ್ನೊಂದು ಮಗು ಬೇಕೆಂದಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ ಔಷಧಿ ಬದಲಿಸಿಕೊಳ್ಳಬೇಕು. ಯಕೃತ್ತಿನ ಹಾಗೂ ರಕ್ತದ ಪರೀಕ್ಷೆಯನ್ನು ಅವರು ಹೇಳಿದ ಅವಧಿಗೆ ತಪ್ಪದೆ ಮಾಡಿಸಬೇಕು. ಮಾತ್ರೆಯ ಡಬ್ಬಿಯ ಮೇಲೆ ಸೋಮವಾರವೋ ಗುರುವಾರವೋ, ವೈದ್ಯರು ಗೊತ್ತುಮಾಡಿದ ವಾರದ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿರಿ.