ತಾರಸಿ ಅಂಚಿಗೆ ಗೋಡೆ ಯಾಕಿಲ್ಲ?



ನಮ್ಮ ಹಾಸ್ಟೆಲ್ಲಿನ ತಾರಸಿಗೆ ಈಗ ಬೀಗ ಬಿದ್ದಿದೆ. ಮೆಟ್ಟಿಲ ಬಾಗಿಲಿಗೆ ಒಂದು ಬೋರ್ಡು: 'ಮೇಲೆ ಹೋಗುವುದನ್ನು ನಿಷೇಧಿಸಲಾಗಿದೆ.' ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬ ರಾತ್ರಿ ನಿದ್ದೆಗಣ್ಣಲ್ಲಿ ಎದ್ದವನು ಅಂಚಿಗೆ ನಡೆದು ಕೆಳಗೆ ಬಿದ್ದ. ಸೊಂಟ ಮುರಿಯಿತು. ಜೀವ ಉಳಿಯಿತು, ಆ ವರ್ಷದ ಪರೀಕ್ಷೆ ಹೋಯಿತು. ವಿಚಾರಣೆಗೆ ಅಂತ ಬಂದ ಸಾಹೇಬರು ಕೇಳಿದ ಮೊದಲ ಪ್ರಶ್ನೆ: 'ಸರಿರಾತ್ರೀಲಿ ಅವನಿಗೆ ಮೇಲೇನ್ರೋ ಕೆಲಸ?'

ಏನು ಕೆಲಸ ಅಂತ ನಾವು ಹೇಳ್ತೀವಿ. ಎಂಟು ಜನ ಇರಬೇಕಾದ ರೂಮಿನಲ್ಲಿ ಹದಿನೆಂಟು ಜನ ಮಲಗ್ತೀವಿ. ಬೇಸಿಗೇಲಿ ಫ್ಯಾನು ತಿರುಗಲ್ಲ, ತಿಗಣೆ ಕಾಟ ಬೇರೆ. ಮೇಲೆ ಗಾಳಿ ಇದೆ. ಬಟ್ಟೆ ಒಣಗೋದು ಅಲ್ಲಿ. ಪರೀಕ್ಷೆ ಹೊತ್ತಲ್ಲಿ ಗಟ್ಟಿಯಾಗಿ ಓದಿಕೊಳ್ಳೋದು ಅಲ್ಲಿ. ಊರಿಗೆ ಫೋನು ಮಾಡೋಕೆ ಸಿಗ್ನಲ್ ಸಿಗೋದು ಅಲ್ಲೇ. ಅವ್ವನ ಹತ್ತಿರ ಮಾತಾಡುವಾಗ ಅಳು ಬಂದರೆ ಯಾರಿಗೂ ಕಾಣದ ಹಾಗೆ ಅಳೋಕೆ ಇರುವ ಜಾಗವೂ ಅದೊಂದೇ. ಇಷ್ಟು ಕೆಲಸ ಸಾಹೇಬರೇ.

ಅವರು ಕೇಳದೆ ಬಿಟ್ಟ ಪ್ರಶ್ನೆ, ಅಂಚಿಗೆ ಗೋಡೆ ಯಾಕಿರಲಿಲ್ಲ ಅನ್ನೋದು. 'ಇತ್ತಲ್ಲ' ಅಂದರು ಕಟ್ಟಿಸಿದವರು. ಹೌದು ಇತ್ತು, ಮೊಣಕಾಲುದ್ದ! ಗಾರೆ ಕೆಲಸದವರು ಪ್ಯಾರಪೆಟ್ ಅನ್ನೋ ಈ ಮೋಟುಗೋಡೆ ಮೊಣಕಾಲುದ್ದ ಇದ್ದರೆ ಇಲ್ಲದೆ ಇರೋದಕ್ಕಿಂತ ಕೇಡು. ನಿಂತ ಮನುಷ್ಯನ ಭಾರ ತೂಗೋದು ಹೊಕ್ಕುಳ ಹತ್ತಿರ. ಗೋಡೆ ಅದಕ್ಕಿಂತ ಕೆಳಗಿದ್ದರೆ ಕಾಲನ್ನು ತಡೀತದೆ, ಮೈಯನ್ನು ತಡೆಯಲ್ಲ. ಎಡವಿದವನು ತಲೆಕೆಳಗಾಗಿ ಆಚೆ ಹೋಗ್ತಾನೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಸರ್ಕಾರದ್ದೇ ಒಂದು ದಪ್ಪ ಪುಸ್ತಕ ಇದೆ. 1970ರಲ್ಲಿ ಮೊದಲು ಬಂತು, 2016ರಲ್ಲಿ ಮತ್ತೆ ತಿದ್ದಿದರು. ತಾರಸಿ ಅಂಚಿನ ಗೋಡೆ ಒಂದು ಮೀಟರಿಗೆ ಕಮ್ಮಿ ಇರಬಾರದು ಅಂತ ಅದರಲ್ಲಿದೆ. ಒಂದು ಮೀಟರು ಅಂದರೆ ಮೂರೂಕಾಲು ಅಡಿ. ಇದನ್ನು ಓದೋಕೆ ಎಂಜಿನಿಯರ್ ಆಗಬೇಕಿಲ್ಲ. ಓದಿರುವ ಎಂಜಿನಿಯರು ಮರೆಯೋದು ಯಾವ ಕಟ್ಟಡದಲ್ಲಿ ಅನ್ನೋದನ್ನು ಮಾತ್ರ ಗಮನಿಸಬೇಕು.

ಇಲ್ಲಿ ಒಂದು ಹಳೇ ಕಾನೂನಿನ ಮಾತು. ಯೆಹೂದ್ಯರ ಧರ್ಮಗ್ರಂಥದಲ್ಲಿ, ಕ್ರೈಸ್ತರ ಬೈಬಲಿನಲ್ಲೂ ಇರುವ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನಿಗೆ ಒಂದು ಆಜ್ಞೆ ಇದೆ. ಮಾಳಿಗೆ ಸುತ್ತ ಗೋಡೆ ಕಟ್ಟಬೇಕು. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲೆ. ಆ ನಾಡಿನ ಮನೆಗಳಿಗೂ ಚಪ್ಪಟೆ ಮಾಳಿಗೆ, ಜನ ಅಲ್ಲಿ ಮಲಗೋರು, ನಾರಿನ ಕಡ್ಡಿ ಹರವೋರು. ನಾವು ಯಾವ ಗ್ರಂಥಕ್ಕೂ ವಕಾಲತ್ತು ವಹಿಸೋಕೆ ಹೊರಟಿಲ್ಲ. ಆದರೆ ನೋಡಿ, ಬಿದ್ದವನನ್ನು 'ಯಾಕೆ ಹತ್ತಿದೆ' ಅಂತ ಅದು ಕೇಳಲಿಲ್ಲ. ಕಟ್ಟಿದವನನ್ನು ಕೇಳಿತು. ನಮ್ಮ ಮನು ಮಹಾಶಯನೂ ಮನೆ ವಿಚಾರ ಹೇಳಿದ್ದಾನೆ, ಹತ್ತನೇ ಅಧ್ಯಾಯದಲ್ಲಿ: ಚಂಡಾಲರ ವಾಸ ಊರಾಚೆ ಇರಲಿ ಅಂತ. ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟರು. ಆದರೂ ಊರಾಚೆಯ ಕಟ್ಟಡಕ್ಕೆ ಇಷ್ಟು ಸಾಕು ಅನ್ನೋ ಬುದ್ಧಿ ಎಸ್ಟಿಮೇಟ್ ಹಾಳೆಯೊಳಗೆ ಇನ್ನೂ ಕೂತಿದೆ.

ಊರೊಳಗಿನ ಬಂಗಲೆಗಳ ಗೋಡೆ ಕಟ್ಟಿದವರು ಯಾರು? ನಮ್ಮಪ್ಪಂದಿರು, ನಮ್ಮವ್ವಂದಿರು. ರಜೆಯಲ್ಲಿ ನಮ್ಮಲ್ಲೂ ಎಷ್ಟೋ ಜನ ಬಾಂಡ್ಲಿ ಹೊತ್ತಿದ್ದೀವಿ. ಮೂರನೇ ಮಹಡಿ ಅಂಚಿನಲ್ಲಿ ಬರಿಗಾಲಲ್ಲಿ ನಿಂತು ಇನ್ನೊಬ್ಬರ ಮಕ್ಕಳು ಬೀಳದ ಹಾಗೆ ಇಟ್ಟಿಗೆ ಜೋಡಿಸ್ತೀವಿ. ಆ ಗೋಡೆ ಏಳೋ ತನಕ ನಮಗೆ ತಡೆ ಯಾವುದು? ಕಟ್ಟಡ ಕಾರ್ಮಿಕರ ಕಾಯಿದೆ ಬಂದದ್ದು 1996ರಲ್ಲಿ. ತೆರೆದ ಅಂಚಿಗೆ ತಡೆ ಇರಬೇಕು ಅಂತ 1998ರ ಕೇಂದ್ರ ನಿಯಮಗಳು ಹೇಳ್ತವೆ. ನಾವು ದುಡಿದ ಕಡೆ ಕಂಡದ್ದು ಸಾರ್ವೆಯ ಗಳ, ಅದಕ್ಕೆ ಕಟ್ಟಿದ ಹಗ್ಗ, ಅಷ್ಟೇ.

ಈಗ ಕಾಲೋನಿಗೆ ಬನ್ನಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ 2016ರಲ್ಲಿ ಬಯಲುಸೀಮೆಯಲ್ಲಿ ನಿಗದಿಯಾದ ನೆರವು 1,20,000 ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರು. ಮನೆ ಚೌಕವಾಗಿದ್ದರೆ ತಾರಸಿ ಸುತ್ತಳತೆ 20 ಮೀಟರು. ಒಂದು ಮೀಟರು ಎತ್ತರ ಒಂಟಿ ಇಟ್ಟಿಗೆ ಗೋಡೆಗೆ, ಇಟ್ಟಿಗೆ ಅಳತೆ ಮೇಲೆ ಹೆಚ್ಚುಕಮ್ಮಿ, ಒಂದು ಸಾವಿರ ಇಟ್ಟಿಗೆ. ಆದರೆ ಮೋಲ್ಡ್ ಹಾಕೋ ಹೊತ್ತಿಗೇ ಕೈ ಖಾಲಿ, ಮೇಲೆ ಸಾಲ. 'ಮುಂದೆ ಮಹಡಿ ಎತ್ತಿದಾಗ ನೋಡೋಣ' ಅಂತ ಮೂಲೆಯಲ್ಲಿ ಕಬ್ಬಿಣದ ಸರಳು ಬಿಟ್ಟು ಸುಮ್ಮನಾಗ್ತೀವಿ. ಸರಳು ತುಕ್ಕು ಹಿಡೀತದೆ, ಮಹಡಿ ಏಳಲ್ಲ. ಅಷ್ಟರಲ್ಲಿ ಅದೇ ತಾರಸಿ ಮೇಲೆ ರಾಗಿ ಹರವಿ ಆಯ್ತು, ಮೆಣಸಿನಕಾಯಿ ಒಣಗಿಸಿ ಆಯ್ತು, ಹುಡುಗರು ಪಟ ಹಾರಿಸಿ ಆಯ್ತು. ಗುಡಿಸ್ತಾ ಹಿಂದಹಿಂದಕ್ಕೆ ಬರೋ ಅವ್ವನಿಗೆ ಬೆನ್ನಲ್ಲಿ ಕಣ್ಣಿದೆಯೇ?

ನಮ್ಮದೂ ತಪ್ಪಿದೆ, ಮುಚ್ಚಿಡೋದು ಬೇಡ. ಪುಡಿಗಾಸು ಸಿಕ್ಕರೆ ಮುಂದಿನ ಗೋಡೆಗೆ ಮಿಂಚೋ ಬಣ್ಣ ಹೊಡಿಸ್ತೀವಿ, ಮನೆಯೊಕ್ಕಲಿಗೆ ಶಾಮಿಯಾನ ಹಾಕಿಸ್ತೀವಿ. ಹಿಂದಿನ ಅಂಚು ಬಯಲು. ಕೆಲವರು ಕಟ್ಟಿಸ್ತಾರೆ, ಆದರೆ ಕಂಬದ ಆಸರೆ ಇಲ್ಲ, ತಲೆಮೇಲೆ ಕಾಂಕ್ರೀಟ್ ಪಟ್ಟಿ ಇಲ್ಲ. ಒರಗಿದರೆ ಗೋಡೆ ಸಮೇತ ಹೋಗಬೇಕು! ನೀರು ಹೋಗೋಕೆ ತೂತು ಬಿಡದೆ ಕಟ್ಟಿ, ಮಳೆಗಾಲದಲ್ಲಿ ಸೋರ್ತದೆ ಅಂತ ಒಡೆದು ಹಾಕಿದವರೂ ಇದ್ದಾರೆ.

ಹಾಸ್ಟೆಲ್ ವಿಷಯದಲ್ಲಿ ಬೀಗವನ್ನು ನಾವು ಒಪ್ಪಲ್ಲ. ಬೀಗಕ್ಕೆ ಖರ್ಚು ನೂರು ರೂಪಾಯಿ, ಅದಕ್ಕೇ ಅದು ಅವರಿಗೆ ಇಷ್ಟ. ಬಿದ್ದವನಿಗೂ ಬೀಳದವರಿಗೂ ಒಟ್ಟಿಗೆ ಶಿಕ್ಷೆ ಕೊಟ್ಟು ಫೈಲು ಮುಚ್ಚಬಹುದು. ಕೆಳಗೆ ಬೆಂಕಿ ಬಿದ್ದರೆ ಬೀಗ ಹಾಕಿದ ಬಾಗಿಲ ಹಿಂದೆ ಹುಡುಗರು ಎಲ್ಲಿಗೆ ಓಡಬೇಕು ಅಂತ ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಈ ಸಂಚಿಕೆ ಕೈಗೆ ಸಿಕ್ಕಿದ ಮೇಲೆ ಒಂದು ಕೆಲಸ ಮಾಡಿ. ಟೇಪು ಸಿಕ್ಕರೆ ಟೇಪು, ಇಲ್ಲದಿದ್ದರೆ ಸ್ಕೇಲು ಹಿಡಿದು ನಿಮ್ಮ ಹಾಸ್ಟೆಲ್ಲಿನ ತಾರಸಿ ಗೋಡೆ ಅಳೀರಿ. ಒಬ್ಬೊಬ್ಬರೇ ಹೋಗಬೇಡಿ, ಹಗಲು ಹೊತ್ತಿನಲ್ಲಿ ಇಬ್ಬಿಬ್ಬರು ಹೋಗಿ. ಎತ್ತರ ಎಷ್ಟು, ಎಲ್ಲೆಲ್ಲಿ ಒಡೆದಿದೆ, ಬಾಗಿಲಿಗೆ ಬೀಗ ಇದೆಯೋ ಇಲ್ಲವೋ, ಒಂದು ಹಾಳೇಲಿ ಬರೆದು ಎಲ್ಲರೂ ಸಹಿ ಹಾಕಿ. ಒಂದು ಪ್ರತಿ ವಾರ್ಡನ್ನರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಇನ್ನೊಂದನ್ನು ಮುಂದಿನ ಸಭೆಗೆ ತನ್ನಿ. ಎಲ್ಲ ಹಾಳೆ ಒಟ್ಟು ಹೊಲಿದು ಜಿಲ್ಲಾ ಕಚೇರಿಗೆ ನಾವೇ ಹೊತ್ತುಕೊಂಡು ಹೋಗೋಣ.