ರೋಡ್ ಏನ್ ನಿಮ್ಮಪ್ಪಂದಾ?

1/6 📍 ಹೊಳಲ್ಕೆರೆ ತಾಲ್ಲೂಕು

ಮೊದಲನೇ ಫೋಟೋದಲ್ಲಿರೋದು ನಮ್ಮೂರಿನ ರೋಡು. ಅರ್ಧ ಟಾರು, ಅರ್ಧ ರಾಗಿ. ನೋಡೋಕೆ ಚೆಂದ ಇದೆ, ಲೈಕೂ ಬರುತ್ತೆ. ಆದ್ರೆ ಹೋದ ವರ್ಷ ಇದೇ ಸುಗ್ಗಿ ಟೈಮಲ್ಲಿ, ಇದೇ ತಿರುವಲ್ಲಿ ನಮ್ಮ ಅಜ್ಜ ಬಿದ್ದಿದ್ರು. ಅದಕ್ಕೇ ಈ ಸಲ ಬರೀಲೇಬೇಕು ಅನ್ನಿಸ್ತು. ಉದ್ದ ಇದೆ, ಆರು ಪೋಸ್ಟ್ ಆಗುತ್ತೆ. ಬಸ್ಸಲ್ಲಿ ಕೂತು ಓದಿ, ಗಾಡಿ ಓಡಿಸ್ತಾ ಮಾತ್ರ ಬೇಡ 🙏

ನಡೆದಿದ್ದು ಇಷ್ಟು. ಸಂಜೆ ಆರೂವರೆ. ಅಜ್ಜ ಡೈರಿಗೆ ಹಾಲು ಹಾಕಿ ಕ್ಯಾನ್ ಹಿಡ್ಕೊಂಡು ವಾಪಸ್ ಬರ್ತಿದ್ರು. ರೋಡಿನ ಎಡಗಡೆ ಪೂರ್ತಿ ರಾಗಿ ಹರಡಿತ್ತು. ಅದನ್ನ ತಪ್ಪಿಸೋಕೆ ಅಜ್ಜ ರೋಡಿನ ಮಧ್ಯಕ್ಕೆ ಬಂದ್ರು. ಹಿಂದಿನಿಂದ ಬೈಕಲ್ಲಿ ಬಂದ ಹುಡುಗನೂ ರಾಗಿ ಮೇಲೆ ಹತ್ತಿಸಿದ್ರೆ ಜಾರುತ್ತೆ ಅಂತ ಮಧ್ಯಕ್ಕೇ ಬಂದ. ಎದುರಿಂದ ಟ್ರ್ಯಾಕ್ಟರ್ ಲೈಟ್ ಕಣ್ಣಿಗೆ ಹೊಡೀತು. ಅಷ್ಟೇ. ಅಜ್ಜನ ತೊಡೆ ಮೂಳೆ ಮುರೀತು. ಹುಡುಗನ ಮೊಣಕೈ ಚರ್ಮ ಎಲ್ಲಾ ಕಿತ್ತುಬಂತು.

ಜನ ಸೇರಿದ್ರು. ಹುಡುಗ ಗಾಬರಿಯಲ್ಲಿ ಕೂಗ್ತಿದ್ದ: "ರಾಗಿ ಹಾಕೋಕೆ ರೋಡ್ ಏನ್ ನಿಮ್ಮಪ್ಪಂದಾ?" ನಮ್ಮೂರೋರು ಬಿಡ್ತಾರಾ? "ಹಂಗ್ ಓಡ್ಸೋಕೆ ರೋಡ್ ಏನ್ ನಿಮ್ಮಪ್ಪಂದಾ?"

ನಾನು ಬಾಯಿ ಬಿಡ್ಲಿಲ್ಲ. ಯಾಕಂದ್ರೆ ರೋಡಲ್ಲಿದ್ದ ರಾಗಿ ನಿಜವಾಗ್ಲೂ ನಮ್ಮಪ್ಪಂದೇ.

2/6

ನಮ್ಮಪ್ಪನ ಬಗ್ಗೆ ಸ್ವಲ್ಪ ಹೇಳ್ತೀನಿ. ಎರಡು ಎಕರೆ ಹೊಲ, ಒಂದು ಲಗೇಜ್ ಆಟೋ. ವಾರದಲ್ಲಿ ನಾಲ್ಕು ದಿನ ಆಟೋದಲ್ಲಿ ಹೊಳಲ್ಕೆರೆ, ಹೊಸದುರ್ಗ, ದುರ್ಗ ಅಂತ ಓಡಾಡ್ತಾರೆ. ಬೇರೆ ಊರಲ್ಲಿ ರೋಡಿಗೆ ಹುರುಳಿ ಹಾಕಿದ್ರೆ ನಮ್ಮಪ್ಪ ಬೈಯೋ ಬೈಗುಳ ಇಲ್ಲಿ ಬರೆಯೋಕಾಗಲ್ಲ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ಕೊಂಡ್ರೆ ಗಾಡಿ ಕೆಳಗೆ ಮಲಗಿ ಬಿಡಿಸ್ಬೇಕು. ಸೈಲೆನ್ಸರ್ ಬಿಸಿಗೆ ಒಣಹುಲ್ಲು ಹೊತ್ಕೊಂಡ್ರೆ ಗಾಡಿನೇ ಹೋಯ್ತು. ಅದೇ ಅಪ್ಪ ನಮ್ಮೂರಿಗೆ ಬಂದು ಆಟೋ ನಿಲ್ಲಿಸಿ, ಇಳಿದು, ನಮ್ಮ ರಾಗಿನ ರೋಡಿಗೆ ಹರಡ್ತಾರೆ. ಎರಡೂ ಒಬ್ರೇ ಮನುಷ್ಯರು!

ಒಂದ್ಸಲ ಕೇಳ್ದೆ. "ಮತ್ತೆಲ್ಲಿ ಹಾಕ್ಲವ್ವ? ಕಣ ಎಲ್ಲೈತೆ?" ಅಂದ್ರು.

ಅದೂ ನಿಜಾನೇ. ಅಜ್ಜನ ಕಾಲದಲ್ಲಿ ಊರ ಹೊರಗೆ ಕಣ ಇತ್ತಂತೆ. ಸಗಣಿ ಸಾರಿಸಿ, ಎತ್ತಿಗೆ ಕಲ್ಲಿನ ಗುಂಡು ಕಟ್ಟಿ ವಾರಗಟ್ಟಲೆ ಒಕ್ಕಣೆ ಮಾಡ್ತಿದ್ರಂತೆ. ಈಗ ಎತ್ತಿಲ್ಲ, ಆ ಜಾಗದಲ್ಲಿ ಸೈಟ್ ಆಗಿದೆ. ಮಷಿನ್ ಕರೆಸಿದ್ರೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಬೇಕು. ರೋಡಿಗೆ ಹಾಕಿದ್ರೆ ಹೋಗೋ ಬರೋ ಗಾಡಿಗಳೇ ತುಳಿದು ಕಾಳು ಉದುರಿಸಿ ಕೊಡ್ತವೆ, ಫ್ರೀಯಾಗಿ. ನಾನು ಬಿಕಾಂ ಓದ್ತಿರೋದ್ರಿಂದ ಈ 'ಫ್ರೀ' ಅನ್ನೋ ಪದ ಕೇಳಿದ ತಕ್ಷಣ ಸಂಶಯ ಬರುತ್ತೆ. ಖರ್ಚು ಮಾಯ ಆಗಲ್ಲ, ಬೇರೆಯವರ ಖಾತೆಗೆ ಹೋಗುತ್ತೆ. ನಮ್ಮ ಮಷಿನ್ ಬಾಡಿಗೆ ಉಳೀತು. ಅದು ಅಜ್ಜನ ತೊಡೆ ಮೂಳೆ ಖಾತೆಗೆ ಬಿತ್ತು.

3/6 🚲

ಇನ್ನೊಂದು ಫೋಟೋದಲ್ಲಿರೋ ಸೈಕಲ್ ನಂದು. ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟಿದ್ದು. 2006-07ರಲ್ಲಿ ಶುರುವಾದ ಯೋಜನೆ ಅದು. ನಮ್ಮ ಕಡೆ ಎಷ್ಟೋ ಹುಡುಗೀರು ಹೈಸ್ಕೂಲ್ ಮುಗಿಸಿದ್ದೇ ಆ ಸೈಕಲ್ಲಿಂದ. ಕೋವಿಡ್ ಬಂದಾಗ ವಿತರಣೆ ನಿಂತುಹೋಯ್ತು, ನನ್ನ ತಮ್ಮನ ಬ್ಯಾಚಿಗೆ ಸಿಗ್ಲೇ ಇಲ್ಲ. ಈಗ್ಲೂ ನಾನು ಮನೆಯಿಂದ ಬಸ್‌ಸ್ಟಾಪಿಗೆ ಅದರಲ್ಲೇ ಹೋಗಿ, ಅಂಗಡಿ ಹತ್ರ ಬೀಗ ಹಾಕಿಟ್ಟು, ದುರ್ಗದ ಬಸ್ ಹತ್ತೋದು. 2023ರ ಜೂನ್‌ನಿಂದ ಬಸ್ ಹೆಣ್ಣುಮಕ್ಕಳಿಗೆ ಫ್ರೀ. ಅಂದ್ರೆ ಸೈಕಲ್ ಸರ್ಕಾರದ್ದು, ಬಸ್ಸೂ ಸರ್ಕಾರದ್ದು. ಆದ್ರೆ ಸೈಕಲ್ ಓಡ್ಸೋಕೆ, ನಡ್ಕೊಂಡು ಹೋಗೋಕೆ ಬೇಕಾದ ನಾಲ್ಕಡಿ ಜಾಗ ಮಾತ್ರ ಯಾರೂ ಕೊಟ್ಟಿಲ್ಲ.

ಟಾರ್ ಎಲ್ಲಿ ಮುಗಿಯುತ್ತೋ ಅಲ್ಲೇ ಗುಂಡಿ. ಪ್ರತಿ ಸಲ ಹೊಸ ಟಾರ್ ಹಾಕಿದಾಗ ರೋಡ್ ಎತ್ತರ ಆಗುತ್ತೆ, ಪಕ್ಕದ ಮಣ್ಣು ಅಲ್ಲೇ ಇರುತ್ತೆ. ಹಿಂದಿನಿಂದ ಲಾರಿ ಹಾರನ್ ಹೊಡೆದ್ರೆ ಸೈಕಲ್ ಆ ಅಂಚಿಂದ ಕೆಳಗಿಳಿಸ್ಬೇಕು. ಇಳಿಸಿದ್ರೆ ಹ್ಯಾಂಡಲ್ ತಿರುಗಿ ಬೀಳ್ತೀವಿ. ಇಳಿಸ್ದೆ ಹೋದ್ರೆ "ಏಯ್, ಸೈಡಿಗ್ ಹೋಗಮ್ಮ!" ಭೀಮಸಮುದ್ರದ ಕಡೆಯ ಫ್ರೆಂಡ್ಸ್ ಕೇಳಿ ನೋಡಿ, ಅದಿರು ಲಾರಿಗಳ ಹಿಂದೆ ಸೈಕಲ್ ಹೊಡೆಯೋದು ಅಂದ್ರೆ ಏನು ಅಂತ ಹೇಳ್ತಾರೆ. ಮುಖ ಎಲ್ಲಾ ಕೆಂಪು ಧೂಳು.

ನನ್ನ ತಪ್ಪೂ ಹೇಳ್ಕೊಂಬಿಡ್ತೀನಿ. ನನ್ನ ಸೈಕಲ್ಲಿಗೆ ಎರಡು ವರ್ಷ ಹಿಂದೆ ರಿಫ್ಲೆಕ್ಟರ್ ಇರ್ಲಿಲ್ಲ. ಸಂಜೆ ಬಸ್ ಇಳಿದು ಕತ್ತಲಲ್ಲಿ ಕಪ್ಪು ಚೂಡಿದಾರ್ ಹಾಕ್ಕೊಂಡು ಬರ್ತಿದ್ದೆ. ಒಂದಿನ ಅಪ್ಪನೇ ಆಟೋದಲ್ಲಿ ಎದುರು ಬಂದು, ಹತ್ತಿರಕ್ಕೆ ಬರೋವರೆಗೂ ನನ್ನ ನೋಡ್ಲೇ ಇಲ್ಲ. ಇಳಿದು ಬಂದು ಏನೂ ಬೈಲಿಲ್ಲ. ಮಾರನೇ ದಿನ ಹೊಳಲ್ಕೆರೆಯಿಂದ ಕೆಂಪು ಸ್ಟಿಕ್ಕರ್ ತಂದು ಮಡ್‌ಗಾರ್ಡಿಗೆ ಅಂಟಿಸಿದ್ರು. ಸ್ಟೇರಿಂಗ್ ಹಿಂದೆ ಕೂತೋನಿಗೆ ರೋಡಲ್ಲಿ ನಡೆಯೋಳು ತನ್ನ ಮಗಳು ಅಂತ ಗೊತ್ತಾದ್ರೆ ಎಲ್ಲಾ ಬದಲಾಗುತ್ತೆ. ಪ್ರಾಬ್ಲಂ ಏನಂದ್ರೆ, ಉಳಿದೋರೂ ಯಾರದ್ದೋ ಮಕ್ಕಳೇ ಅಂತ ಹೊಳೆಯೋದೇ ಇಲ್ಲ.

4/6 📍 ದುರ್ಗ, ಹಿರಿಯೂರು

ದುರ್ಗಕ್ಕೆ ಬನ್ನಿ. ಬಸ್‌ಸ್ಟ್ಯಾಂಡಿಂದ ಗಾಂಧಿ ಸರ್ಕಲ್ ಕಡೆ ನಡೀರಿ. ಫುಟ್‌ಪಾತ್ ಮೇಲೆ ಬೈಕ್ ಪಾರ್ಕಿಂಗ್, ಅಂಗಡಿ ಬೋರ್ಡು, ಜನರೇಟರ್. ಎಲ್ಲರೂ ಬೈಯೋದು ಮಾತ್ರ ಹೂ ಮಾರೋ ಅಕ್ಕನ್ನ, ತಳ್ಳುಗಾಡಿ ಅಣ್ಣನ್ನ. ಅಕ್ಕ ಕೂರೋದು ಎರಡಡಿ ಜಾಗದಲ್ಲಿ, ನಿಲ್ಲಿಸಿದ ಒಂದು ಬೈಕ್ ತಗೊಳ್ಳೋದು ಅದರ ಮೂರರಷ್ಟು. ನಮ್ಮ ದೇಶದಲ್ಲಿ ರೋಡ್ ಕಟ್ಟೋಕೆ ಇರೋ ಮಾನದಂಡ ಹೇಳೋದು ಫುಟ್‌ಪಾತಲ್ಲಿ ಅಡ್ಡ ಏನೂ ಇಲ್ಲದೆ ಕನಿಷ್ಠ 1.8 ಮೀಟರ್ ಖಾಲಿ ಜಾಗ ಇರಬೇಕು ಅಂತ. ಹತ್ತಿರ ಹತ್ತಿರ ಆರಡಿ. ಹಂಗಿರೋ ಒಂದು ಫುಟ್‌ಪಾತ್ ನಮ್ಮೂರಲ್ಲಿ ಎಲ್ಲಿದೆ? ನೋಡಿದ್ರೆ ಕಾಮೆಂಟ್ ಮಾಡಿ, ಹೋಗಿ ಫೋಟೋ ತೆಗೀತೀನಿ.

2025ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿದೆ: ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕೋ ಹಕ್ಕಿನ ಭಾಗ ಅಂತ. ಅಂದ್ರೆ ಫುಟ್‌ಪಾತ್ ಯಾರೋ ದಯೆ ತೋರಿಸಿ ಕೊಡೋದಲ್ಲ.

ಇನ್ನು ಹೈವೇ. ನಮ್ಮ ಅತ್ತೆ ಮನೆ ಹಿರಿಯೂರು ತಾಲ್ಲೂಕು ಐಮಂಗಲದ ಕಡೆ. ಹಳಬರು ಇನ್ನೂ ಪಿ.ಬಿ. ರೋಡ್ ಅಂತಾರೆ, ಆಮೇಲೆ ಎನ್‌ಎಚ್ 4 ಆಯ್ತು, ಈಗ 48. ಜವಗೊಂಡನಹಳ್ಳಿ, ಆದಿವಾಲ, ಐಮಂಗಲ, ಎಲ್ಲಾ ಕಡೆ ಒಂದೇ ಕಥೆ. ರೋಡಿನ ಒಂದು ಕಡೆ ಮನೆ, ಇನ್ನೊಂದು ಕಡೆ ಹೊಲ. ಮಧ್ಯದಲ್ಲಿ ಬೆಂಗಳೂರಿಂದ ಹುಬ್ಬಳ್ಳಿ ಕಡೆ ನೂರರ ಸ್ಪೀಡಲ್ಲಿ ಹೋಗೋ ಕಾರುಗಳು. ಅಂಡರ್‌ಪಾಸ್ ದೂರ ಇದ್ರೆ ತಲೆ ಮೇಲೆ ಮೇವಿನ ಹೊರೆ ಹೊತ್ತ ಅಜ್ಜಿ ಅಲ್ಲಿವರೆಗೂ ಹೋಗಿ ಬರ್ತಾಳಾ? ಇಲ್ಲ. ಡಿವೈಡರ್ ದಾಟ್ತಾಳೆ. ಬೈಕಿನವನು ರಾಂಗ್ ಸೈಡಲ್ಲಿ ಬರ್ತಾನೆ.

ಕಾರಲ್ಲಿರೋರು "ಈ ಹಳ್ಳಿ ಜನಕ್ಕೆ ಸೆನ್ಸೇ ಇಲ್ಲ" ಅಂತಾರೆ. ನಿಮಗೆ ಐಮಂಗಲ ಅನ್ನೋದು ಎರಡು ನಿಮಿಷದ ಬೋರ್ಡು. ಅವಳಿಗೆ ಅದು ಊರು. ರೋಡ್ ಬರೋಕೆ ಮುಂಚೆನೇ ಊರಿತ್ತು.

5/6 ಲೆಕ್ಕ 🧾

ಬಿಕಾಂ ಹುಡುಗಿ, ಲೆಕ್ಕ ಹೇಳ್ದೆ ಬಿಡಲ್ಲ.

ಕೇಂದ್ರ ಸರ್ಕಾರದ್ದೇ ವರದಿ: 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತೋರು 1,68,491 ಜನ. ಅದರಲ್ಲಿ ನಡ್ಕೊಂಡು ಹೋಗ್ತಿದ್ದೋರು 32,825. ಬೈಕ್, ಸ್ಕೂಟರಲ್ಲಿದ್ದೋರು 74,897. ಸೈಕಲ್ಲಿನವರನ್ನೂ ಸೇರಿಸಿದ್ರೆ, ಸತ್ತ ಮೂವರಲ್ಲಿ ಇಬ್ಬರು ಮೈಮೇಲೆ ಒಂದು ತಗಡೂ ಇಲ್ಲದೆ ರೋಡಿಗೆ ಇಳಿದೋರು. ಕಾರ್ v/s ಬೈಕ್, ಬೈಕ್ v/s ನಡೆಯೋರು ಅಂತ ನಾವು ಕಾಮೆಂಟಲ್ಲಿ ಜಗಳ ಆಡ್ತೀವಿ. ಆದ್ರೆ ಸಾಯೋ ಪಟ್ಟಿಯಲ್ಲಿ ಬೈಕಿನವನೂ ನಡೆಯೋನೂ ಒಂದೇ ಕಡೆ ಇದ್ದಾರೆ.

ಸ್ಪೀಡ್ ಬಗ್ಗೆ ಒಂದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ, ಕಾರ್ ಸ್ಪೀಡ್ 50ರಿಂದ 65 ಕಿ.ಮೀ.ಗೆ ಏರಿದ್ರೆ, ಅದು ಗುದ್ದಿದಾಗ ನಡೆಯೋರು ಸಾಯೋ ಅಪಾಯ ನಾಲ್ಕೂವರೆ ಪಟ್ಟು ಜಾಸ್ತಿ. ನಿಮಗೆ ಹದಿನೈದು ಕಿ.ಮೀ. ಎಕ್ಸ್‌ಟ್ರಾ. ಎದುರಿಗಿರೋರಿಗೆ ಜೀವ.

ಅದಕ್ಕೇ "ಇಬ್ಬರದ್ದೂ ಸಮ ತಪ್ಪು" ಅನ್ನೋ ನಮ್ಮ ಪಂಚಾಯ್ತಿ ತೀರ್ಮಾನ ನಂಗೆ ಒಪ್ಪಿಗೆ ಇಲ್ಲ. ತಪ್ಪು ಸಮ ಇರಬಹುದು, ಪೆಟ್ಟು ಸಮ ಇರಲ್ಲ. ಜಾಸ್ತಿ ತೂಕ, ಜಾಸ್ತಿ ಸ್ಪೀಡ್ ಇರೋನು ಮೊದಲು ಬ್ರೇಕ್ ಹಾಕ್ಬೇಕು. ಲಾರಿ ಕಾರಿಗೆ, ಕಾರು ಬೈಕಿಗೆ, ಬೈಕು ಸೈಕಲ್ಲಿಗೆ, ಸೈಕಲ್ಲು ನಡೆಯೋರಿಗೆ. ನಡೆಯೋರು ಯಾರಿಗೆ? ಅವರು ಮೊಬೈಲ್ ಜೇಬಿಗಿಟ್ಟು, ಫುಟ್‌ಪಾತ್ ಇಲ್ಲದ ಕಡೆ ಎದುರು ಬರೋ ಗಾಡಿ ಕಣ್ಣಿಗೆ ಕಾಣೋ ಹಾಗೆ ಬಲಗಡೆ ನಡೆದ್ರೆ ಸಾಕು.

ಅಜ್ಜನ ವಿಷಯಕ್ಕೆ ಬರ್ತೀನಿ. ಆಪರೇಷನ್, ರಾಡ್, ಔಷಧಿ ಸೇರಿ ಒಂದೂವರೆ ಲಕ್ಷ ದಾಟ್ತು. ಹುಡುಗನ ಬೈಕಿಗೆ ಇನ್ಶೂರೆನ್ಸ್ ಇರ್ಲಿಲ್ಲ, ಎರಡು ವರ್ಷದಿಂದ ಕಟ್ಟಿರ್ಲಿಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರೋದೇ ಅಜ್ಜನಂಥೋರಿಗೆ. ಪೊಲೀಸ್ ಹಿಡೀತಾರೆ ಅಂತ ಕಟ್ಟೋದಲ್ಲ ಅದು. ಕಟ್ಟಿಲ್ಲ ಅಂದ್ರೆ ಪರಿಹಾರ ಪೂರ್ತಿ ಗಾಡಿ ಓನರ್ ತಲೆ ಮೇಲೇ. ಊರ ಹಿರಿಯರು ಕೂತು ಅರ್ಧ ಅರ್ಧ ಅಂತ ರಾಜಿ ಮಾಡಿಸಿದ್ರು. ಹುಡುಗನ ತಾಯಿ ಕಿವಿ ಓಲೆ ಅಡ ಇಟ್ಟು ದುಡ್ಡು ತಂದ್ರು. ಆಯಮ್ಮ ನಮ್ಮನೆ ಜಗಲಿ ಮೇಲೆ ಕೂತು ದುಡ್ಡು ಎಣಿಸ್ತಿದ್ದಾಗ ಕಿವಿಯಲ್ಲಿ ಬೇವಿನ ಕಡ್ಡಿ ಇತ್ತು. ನಾನು ಅವರಿಗೆ ಕಾಫಿ ಕೊಟ್ಟೆ. ಮುಖ ನೋಡೋಕಾಗ್ಲಿಲ್ಲ.

ಗೊತ್ತಿರ್ಲಿ: 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಯೋಜನೆ ಬಂದಿದೆ. ನಮ್ಮ ಅಜ್ಜನ ಟೈಮಿಗೆ ಇರ್ಲಿಲ್ಲ. ಗುದ್ದಿ ಓಡಿಹೋದ ಗಾಡಿ ಪತ್ತೆ ಆಗದಿದ್ರೂ ಸತ್ತೋರ ಮನೆಯವರಿಗೆ 2 ಲಕ್ಷ, ತೀವ್ರ ಗಾಯ ಆದ್ರೆ 50 ಸಾವಿರ ಪರಿಹಾರ ಇದೆ. ಸೇವ್ ಮಾಡ್ಕೊಳ್ಳಿ. ಯಾರಿಗೂ ಬೇಕಾಗದೇ ಇರ್ಲಿ.

6/6

ಹಂಗಾದ್ರೆ ಏನ್ ಮಾಡ್ಬೇಕು ಅಂತೀರಾ? ದೊಡ್ಡ ಭಾಷಣ ಇಲ್ಲ. ನಾಲ್ಕೇ ನಾಲ್ಕು.

✅ ಪ್ರತಿ ಪಂಚಾಯ್ತಿಗೆ ಒಂದು ಸಾಮೂಹಿಕ ಒಕ್ಕಣೆ ಕಣ. ನರೇಗಾದಲ್ಲಿ ಕಟ್ಟಿಸಿಕೊಂಡ ಊರುಗಳಿವೆ. ಗ್ರಾಮಸಭೆಯಲ್ಲಿ ಕೇಳಿ. ಕಣ ಕೊಡದೆ ರೈತನ ಮೇಲೆ ಕೇಸ್ ಹಾಕ್ತೀವಿ ಅನ್ನೋದು ನ್ಯಾಯ ಅಲ್ಲ. ಕಣ ಕೊಟ್ಟ ಮೇಲೂ ರೋಡಿಗೆ ಹಾಕಿದ್ರೆ ಆಗ ಕೇಳೋ ಹಕ್ಕಿದೆ.

✅ ಟ್ರ್ಯಾಕ್ಟರ್ ಟ್ರೈಲರಿಗೆ ಹಿಂದೆ ರಿಫ್ಲೆಕ್ಟರ್. ಹೊಸದುರ್ಗ ರೋಡಲ್ಲಿ ರಾತ್ರಿ ತೆಂಗಿನಕಾಯಿ ಲೋಡ್ ಟ್ರ್ಯಾಕ್ಟರ್ ಹಿಂದೆ ಬೈಕಲ್ಲಿ ಹೋದೋರಿಗೆ ಗೊತ್ತು ಯಾಕೆ ಹೇಳ್ತಿದೀನಿ ಅಂತ.

✅ ರೋಡ್ ಟಾರ್ ಆದಾಗ ಪಕ್ಕದ ಮಣ್ಣೂ ಟಾರಿನ ಸಮಕ್ಕೆ ಬರ್ಬೇಕು. ಅಷ್ಟಾದ್ರೆ ಸೈಕಲ್ಲಿನ ಅರ್ಧ ಕಷ್ಟ ಮುಗೀತು.

✅ ಹದಿನೆಂಟು ಆಗದ ತಮ್ಮನಿಗೆ ಬೈಕ್ ಕೊಡ್ಬೇಡಿ. 2019ರ ತಿದ್ದುಪಡಿ ಆದ್ಮೇಲೆ ಸಿಕ್ಕಿಬಿದ್ರೆ ಕೇಸ್ ಬೀಳೋದು ಅಪ್ಪನ ಮೇಲೆ, ಗಾಡಿ ಓನರ್ ಮೇಲೆ. 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು.

ಈ ವರ್ಷ ಮತ್ತೆ ರಾಗಿ ಬಂದಿದೆ. ಅಪ್ಪ ಮಷಿನ್ ಕರೆಸಿದ್ರು. ದುಡ್ಡು ಕೊಡುವಾಗ ಎರಡು ಸಲ ಎಣಿಸಿದ್ರು, ಏನೂ ಮಾತಾಡ್ಲಿಲ್ಲ. ಮೊದಲನೇ ಫೋಟೋದಲ್ಲಿರೋ ರಾಗಿ ನಮ್ದಲ್ಲ, ಪಕ್ಕದ ಹೊಲದವರದ್ದು. ಅವರಿಗೆ ಹೋಗಿ ಹೇಳೋಕೆ ನಂಗೆ ಬಾಯೇ ಬರ್ತಿಲ್ಲ. ಹೋದ ವರ್ಷದವರೆಗೂ ನಾವೇ ಹಾಕ್ತಿದ್ವಿ, ಅವರು ಒಂದಿನಾನೂ ಕೇಳಿರ್ಲಿಲ್ಲ. ಮಷಿನ್ ಬಾಡಿಗೆ ಕೊಡೋ ಶಕ್ತಿ ಅವರಿಗಿಲ್ಲ ಅಂತಾನೂ ಗೊತ್ತು. ಅದಕ್ಕೇ ಕಣ ಬೇಕು ಅಂತ ಪಂಚಾಯ್ತಿಗೆ ಅರ್ಜಿ ಬರೆದಿದೀನಿ. ಮೊದಲ ಸಹಿ ಅಜ್ಜಂದು. ಎರಡನೇದು ಅಪ್ಪಂದು. ಮೂರನೇ ಸಹಿ ಹಾಕಿಸ್ಕೊಳ್ಳೋಕೆ ನಾಳೆ ಪಕ್ಕದ ಊರಿಗೆ, ಆ ಬೈಕ್ ಹುಡುಗನ ಮನೆಗೆ ಹೋಗ್ತಿದೀನಿ. ಸೈಕಲ್ಲಲ್ಲಿ.

ಅಜ್ಜ ಈಗ ಕೋಲು ಹಿಡಿದು ಡೈರಿವರೆಗೂ ಹೋಗ್ತಾರೆ. ಬಲಗಡೆ ನಡೀ ಅಂತ ಹೇಳಿಕೊಟ್ಟಿದೀನಿ. "ಎಪ್ಪತ್ತು ವರ್ಷ ಎಡಗಡೆ ನಡೆದಿದೀನಿ ಕಣವ್ವ" ಅಂತ ಗೊಣಗ್ತಾರೆ. ಆದ್ರೂ ನಡೀತಾರೆ.

ನಿಮ್ಮೂರಲ್ಲಿ ಯಾವ ತಿರುವಿಗೆ, ಯಾವ ಸ್ಟಾಪಿಗೆ ಜೀಬ್ರಾ ಪಟ್ಟೆ, ಲೈಟು, ಕಣ ಬೇಕು? ಜಾಗದ ಹೆಸರು ಕಾಮೆಂಟಲ್ಲಿ ಹಾಕಿ. ಎಲ್ಲಾ ಸೇರಿಸಿ ಒಂದು ಲಿಸ್ಟ್ ಮಾಡ್ತೀನಿ. ಜಗಳ ಬೇಡ, ಲಿಸ್ಟ್ ಸಾಕು 🙂

#ಚಿತ್ರದುರ್ಗ #ಹೊಳಲ್ಕೆರೆ #ಹೊಸದುರ್ಗ #ಹಿರಿಯೂರು #ರೋಡ್_ಎಲ್ಲರದ್ದು #ಸೈಕಲ್ #ಒಕ್ಕಣೆ_ಕಣ